ಪಟ್ಟಿಗೆ ಪಟ್ಟಿ ತಾಳೆಯಾಗಬೇಕಾದರೆ

ಊರು ಬಿಟ್ಟು ಬಂದ ನಮಗೆ ಸದಸ್ಯರ ಪಟ್ಟಿಯೇ ಬಳಗ. ಚಂದಾ ಕೊಟ್ಟವರದೊಂದು ಪಟ್ಟಿ, ಸಂಚಿಕೆ ಕಳಿಸಬೇಕಾದವರದೊಂದು ಪಟ್ಟಿ. ಇವೆರಡನ್ನೂ ತಾಳೆ ನೋಡುವ ಕೆಲಸ ಈಗ ಗಣಕಯಂತ್ರದ ಪಾಲಿಗೆ ಬಂದಿದೆ. ಅದು ನೋಡುವ ಬಗೆಯನ್ನು ವಾಚಕರೂ ತಿಳಿದಿರುವುದು ಲೇಸು.

ಅಡಿಗೆಮನೆಯ ಡಬ್ಬಿಗಳನ್ನು ನೆನೆಯಿರಿ. ಮೇಲೆ ಹೆಸರಿನ ಚೀಟಿ, ಒಳಗೆ ಸಾಮಾನು. ಪಿಎಚ್‌ಪಿ ಎಂಬ ಗಣಕಭಾಷೆಯಲ್ಲಿ ಇಂಥ ಡಬ್ಬಿಗಳ ಸಾಲಿಗೆ 'ಅಸೋಸಿಯೇಟಿವ್ ಅರೇ' ಎಂದೂ ಚೀಟಿಗೆ 'ಕೀ' ಎಂದೂ ಹೆಸರು. 2005ರಲ್ಲಿ ಬಂದ ಅದರ 5.1ನೆಯ ಆವೃತ್ತಿಯಿಂದ 'ಅರೇ ಡಿಫ್ ಕೀ' ಎಂಬ ಸಿದ್ಧ ಉಪಾಯವೊಂದಿದೆ. ಮೊದಲ ಸಾಲಿನಲ್ಲಿದ್ದು ಎರಡನೆಯದರಲ್ಲಿ ಇಲ್ಲದ ಚೀಟಿಗಳ ಡಬ್ಬಿಗಳನ್ನು ಅದು ಎತ್ತಿ ಕೊಡುತ್ತದೆ. ಎರಡರಲ್ಲೂ ಇರುವವು ಬೇಕಾದರೆ 'ಅರೇ ಇಂಟರ್‌ಸೆಕ್ಟ್ ಕೀ'. ಮುಚ್ಚಳ ತೆಗೆದು ಒಳಗೇನಿದೆಯೆಂದು ಇವೆರಡೂ ನೋಡವು. ಸಾಲುಗಳನ್ನು ಅದಲುಬದಲು ಮಾಡಿದರೆ ಅರೇ ಡಿಫ್ ಕೀಯ ಉತ್ತರವೂ ಬೇರೆ: ಒಮ್ಮೆ ಚಂದಾ ಕೊಟ್ಟೂ ಸಂಚಿಕೆ ಕಾಣದವರು ಸಿಕ್ಕುತ್ತಾರೆ, ಇನ್ನೊಮ್ಮೆ ಸಂಚಿಕೆ ಓದಿಯೂ ಚಂದಾ ಕೊಡದವರು!

ತೊಡಕಿರುವುದು ಚೀಟಿಯಲ್ಲಿ. 2023ರಲ್ಲಿ ಔರಂಗಾಬಾದಿಗೆ ಛತ್ರಪತಿ ಸಂಭಾಜಿನಗರವೆಂದು ಹೆಸರಾಯಿತು. ಚೀಟಿಯ ಮೇಲೆ ಮನೆತನದೊಡನೆ ಊರನ್ನೂ ಬರೆದಿದ್ದರೆ, ಒಂದು ಪಟ್ಟಿಯಲ್ಲಿ ಹಳೆಯ ಹೆಸರು, ಇನ್ನೊಂದರಲ್ಲಿ ಹೊಸದಾಗಿ, ಒಂದೇ ಮನೆ ಯಂತ್ರಕ್ಕೆ ಎರಡಾಗುತ್ತದೆ. ನಾಸಿಕವನ್ನು ಇಂಗ್ಲಿಷಿನಲ್ಲಿ ಬರಿಯ 'ಎಸ್' ಹಾಕಿ ಬರೆಯುವವರೂ ಉಂಟು, 'ಎಸ್‌ಎಚ್' ಹಾಕುವವರೂ ಉಂಟು; ಯಂತ್ರಕ್ಕೆ ಅವು ಎರಡು ಊರು. 2014ರ ನವೆಂಬರ್ 1ರಂದು ಬೆಳಗಾಂ ಹೋಗಿ ಬೆಳಗಾವಿಯಾದುದಕ್ಕೂ ಇದೇ ಮಾತು.

ಹಾಗಾದರೆ ಪಿನ್ ಕೋಡ್ ಬರೆಯೋಣವೇ? ಊರಿನ ಹೆಸರು ಬದಲಾದರೂ 431001 ಬದಲಾಗಲಿಲ್ಲ, ನಿಜ. ಆದರೆ ಒಂದು ಪಿನ್ನಿನಲ್ಲಿ ಹಲವು ಮನೆಗಳು. ಒಂದು ಸಾಲಿನಲ್ಲಿ ಒಂದು ಚೀಟಿಗೆ ಒಂದೇ ಡಬ್ಬಿ. ಅದೇ ಚೀಟಿ ಮತ್ತೆ ಬಂದರೆ ಯಂತ್ರ ಮೊದಲಿದ್ದುದನ್ನು ಸುರಿದು ಹೊಸದನ್ನು ತುಂಬುತ್ತದೆ. ಹಿಂದಿನ ಮನೆಯವರು ಸದ್ದಿಲ್ಲದೆ ಮಾಯ. ಆದ್ದರಿಂದ ಸದಸ್ಯತ್ವದ ಸಂಖ್ಯೆಯೇ ಒಳ್ಳೆಯ ಚೀಟಿ. ಅದನ್ನೂ ಎಲ್ಲ ಕಡೆ ಒಂದೇ ಬಗೆಯಲ್ಲಿ ಬರೆಯಬೇಕು: '7' ಮತ್ತು '07' ಯಂತ್ರಕ್ಕೆ ಒಂದೇ ಅಲ್ಲ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ನಾಸಿಕದಿಂದ ಸಂಭಾಜಿನಗರಕ್ಕೆ ವರ್ಗವಾದವರ ಸಂಖ್ಯೆ ಹಳೆಯದೇ. ಚೀಟಿಗಳನ್ನಷ್ಟೇ ನೋಡುವ ಯಂತ್ರ 'ಎಲ್ಲವೂ ಸರಿ' ಎನ್ನುತ್ತದೆ, ಸಂಚಿಕೆ ಬೀಗ ಹಾಕಿದ ಮನೆಗೆ ಹೋಗುತ್ತದೆ. ಡಬ್ಬಿಯೊಳಗಿನದನ್ನು ಬಲ್ಲವರು ಮನೆಯವರು. ಮನೆ ಬದಲಿಸಿದವರು ಸದಸ್ಯತ್ವದ ಸಂಖ್ಯೆಯೊಡನೆ ಹೊಸ ವಿಳಾಸವನ್ನು ಎರಡು ಸಾಲಿನಲ್ಲಿ ಬರೆದು ತಿಳಿಸಿದರೆ ನಾವು ಉಪಕೃತರು.