ನಲ್ಲಿಯ ನೀರಿನ ತವರು

ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಯ ಗತಕಾಲವನ್ನು ಇತರರು ಸೊಗಸಾಗಿ ಬರೆದಾರು. ಈ ನಾಡಿನ ಕಾಡಿಗೆ ಪಟ್ಟಣವಾಸಿ ಕನ್ನಡಿಗರಾದ ನಾವು ತೀರಿಸಬೇಕಾದ ಋಣವೊಂದಿದೆ. ಅದನ್ನು ಕುರಿತು ಎರಡು ಮಾತು ಹೇಳಬಯಸುತ್ತೇನೆ.

ವಾಸ್ಕೋ, ಮಡಗಾಂವಗಳ ನಲ್ಲಿಗಳಲ್ಲಿ ಬರುವ ನೀರು ಸಾಂಗೆ ತಾಲೂಕಿನ ಸಾಳಾವಲಿ ಜಲಾಶಯದ್ದು. ಆ ಜಲಾಶಯವನ್ನು ತುಂಬುವ ತೊರೆಗಳ ತವರು ನೇತ್ರಾವಳಿ ಅಭಯಾರಣ್ಯ. ಸುಮಾರು 211 ಚದರ ಕಿಲೋಮೀಟರ್ ವಿಸ್ತಾರದ ಈ ಅರಣ್ಯಕ್ಕೆ 1999ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. ಘಟ್ಟದಲ್ಲಿ ಮಳೆ ಸುರಿಯುವುದು ನಾಲ್ಕು ತಿಂಗಳು. ನಮಗೆ ನೀರು ಬೇಕಾದದ್ದು ಹನ್ನೆರಡು ತಿಂಗಳು. ಈ ಅಂತರವನ್ನು ತುಂಬುವುದರಲ್ಲಿ ಕಾಡಿನ ಪಾಲು ದೊಡ್ಡದು. ಮರಗಳ ಮೇಲಾವರಣವು ಮಳೆಯ ಹೊಡೆತವನ್ನು ತಡೆಯುತ್ತದೆ. ಕೊಳೆತ ತರಗೆಲೆ ನೀರನ್ನು ಹೀರಿಕೊಳ್ಳುತ್ತದೆ. ಬೇರುಗಳು ಅದನ್ನು ನೆಲದಾಳಕ್ಕೆ ಇಳಿಸುತ್ತವೆ. ಕಾಡು ಬರಿದಾದರೆ ಕೆಮ್ಮಣ್ಣು ಕೊಚ್ಚಿ ಬಂದು ಜಲಾಶಯದಲ್ಲಿ ಹೂಳಾಗುತ್ತದೆ.

ಆ ಕಾಡನ್ನು ಬೆಳೆಸುವವರಾರು? ಮಂಗಟ್ಟೆ ಹಕ್ಕಿ ಹಣ್ಣು ನುಂಗಿ ಬೀಜವನ್ನು ದೂರದಲ್ಲಿ ಉದುರಿಸುತ್ತದೆ. ಕಾಡುಕೋಣ, ಕಡವೆಗಳು ಮಿತಿಮೀರಿ ಎಳೆಯ ಗಿಡಗಳನ್ನೆಲ್ಲ ಮೇಯದಂತೆ ಹುಲಿ, ಚಿರತೆಗಳು ಕಾಯುತ್ತವೆ. ಆದುದರಿಂದ ವನ್ಯಮೃಗಗಳಿಗೆ ದೊರೆತ ರಕ್ಷಣೆ ನಮ್ಮ ಕೊಡಕ್ಕೂ ದೊರೆತ ರಕ್ಷಣೆಯೇ ಸರಿ.

ಆದರೆ ಲಾಭವೆಲ್ಲ ಪಟ್ಟಣಕ್ಕೆ, ಭಾರವೆಲ್ಲ ಹಳ್ಳಿಗೆ ಎಂಬಂತಾಗಿದೆ. ಸಾಳಾವಲಿ ಅಣೆಕಟ್ಟಿಗಾಗಿ ಕುರ್ಡಿ ಗ್ರಾಮ ಮುಳುಗಿತು. ಗಾನವಿದುಷಿ ಮೊಗುಬಾಯಿ ಕುರ್ಡಿಕರ್ ಅವರ ಹುಟ್ಟೂರದು. ಬೇಸಿಗೆಯಲ್ಲಿ ನೀರಿಳಿದಾಗ ಅಲ್ಲಿನ ಒಕ್ಕಲುಗಳು ಹಿಂದಿರುಗಿ ಬಂದು ದೇವರ ಕಾರ್ಯ ನಡೆಸುತ್ತಾರೆ. ಕಾಡಂಚಿನ ರೈತನ ಬೆಳೆಯನ್ನು ಮೃಗಗಳು ಮೇಯುತ್ತವೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಿ ವರ್ಷಗಟ್ಟಲೆ ಕಾದವರಿದ್ದಾರೆ. 2020ರ ಜನವರಿಯಲ್ಲಿ ಸತ್ತರಿ ತಾಲೂಕಿನ ಮಹದಾಯಿ ಅಭಯಾರಣ್ಯದಲ್ಲಿ ನಾಲ್ಕು ಹುಲಿಗಳು ವಿಷಕ್ಕೆ ಬಲಿಯಾದವು. ಹುಲಿಯಿಂದ ದನ ಕಳೆದುಕೊಂಡವರ ಸಿಟ್ಟೇ ಕಾರಣವೆಂದು ಅಂದು ವರದಿಯಾಯಿತು. ಹುಲಿಯ ಸಾವಿಗೆ ಮರುಗಿದ ನಮ್ಮಲ್ಲಿ ಎಷ್ಟು ಮಂದಿ ಆ ಬಡವರ ದನಗಳಿಗಾಗಿ ಮರುಗಿದೆವು? 2023ರ ಜುಲೈಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಗೋವಾ ಪೀಠವು ಹುಲಿ ಸಂರಕ್ಷಿತ ಪ್ರದೇಶ ಘೋಷಿಸುವಂತೆ ಆದೇಶಿಸಿತು. ವಿಷಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಹುಲಿಗೆ ನೆಲೆ ಬೇಕೆಂಬುದು ನನ್ನ ದೃಢವಾದ ಮತ. ಆದರೆ ಅಲ್ಲಿನ ಮನೆಗಳಲ್ಲಿ ಒಕ್ಕಲೆಬ್ಬಿಸುವ ಭಯವಿರುವತನಕ ಕಾನೂನೊಂದರಿಂದಲೇ ಕಾಡು ಉಳಿಯದು.

ಮಹದಾಯಿಯ ನೀರಿಗಾಗಿ ನಮ್ಮ ತೌರುರಾಜ್ಯಕ್ಕೂ ಅನ್ನವಿತ್ತ ಈ ರಾಜ್ಯಕ್ಕೂ ನಡೆದ ವ್ಯಾಜ್ಯದಲ್ಲಿ ನಾವು ಎರಡು ಮನೆಗಳ ನಡುವೆ ನಿಂತವರು. ನ್ಯಾಯಮಂಡಳಿ 2018ರಲ್ಲಿ ತೀರ್ಪಿತ್ತರೂ ಮನಸ್ತಾಪ ಆರಲಿಲ್ಲ. ಆದರೆ ಖಾನಾಪುರದ ಭೀಮಗಡ ಅರಣ್ಯವೂ ಗೋವೆಯ ಅಭಯಾರಣ್ಯಗಳೂ ಒಂದೇ ಕಾಡಿನ ಹಾಸು. ಕನ್ನಡದಲ್ಲಿ ಮತ್ತಿ ಎಂದು ಕರೆಯುವ ಮರ ಕೊಂಕಣಿಯಲ್ಲೂ ಮತ್ತಿಯೇ. ಈ ಕಾಡು ಬತ್ತಿದರೆ ಹಂಚಿಕೊಳ್ಳಲು ಯಾರಿಗೂ ನೀರಿರದು.

ಪ್ರಿಯ ಹಳೆಯ ವಿದ್ಯಾರ್ಥಿಗಳೇ, ಈ ವರ್ಷದಿಂದಲೇ ಎರಡು ಕೆಲಸಗಳನ್ನು ಕೈಗೊಳ್ಳಬಹುದು. ಎಂಟನೆಯ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆ ನೇತ್ರಾವಳಿಗೆ ಕರೆದೊಯ್ದು, ತಾವು ಕುಡಿಯುವ ನೀರಿನ ಹುಟ್ಟನ್ನು ತೋರಿಸಬೇಕು; ಆ ಊರಿನ ಹಿರಿಯರಿಂದಲೇ ಅವರಿಗೆ ಪಾಠ ಹೇಳಿಸಬೇಕು. ಕಚೇರಿಗಳಲ್ಲಿ ದುಡಿಯುತ್ತಿರುವ ನಿಮ್ಮಲ್ಲಿ ಕೆಲವರು ಬಿಡುವಿನ ದಿನಗಳಲ್ಲಿ ಅಲ್ಲಿಗೆ ಹೋಗಿ, ಬೆಳೆ, ದನ ಕಳೆದುಕೊಂಡವರಿಗೆ ಪರಿಹಾರದ ಅರ್ಜಿ ಬರೆದುಕೊಟ್ಟು, ಹಣ ಕೈಸೇರುವವರೆಗೆ ಬೆನ್ನುಹತ್ತಬೇಕು. ಓದುಬರಹ ಕಲಿಸಿದ ಶಾಲೆಗೆ ಇದಕ್ಕಿಂತ ತಕ್ಕ ಗುರುದಕ್ಷಿಣೆಯನ್ನು ನಾನು ಕಾಣೆ.