ಹನ್ನೊಂದು ಬೊಮ್ಮನಹಳ್ಳಿ ಎಲ್ಲಿಂದ ಬಂತು?

ಬೆಂಗಳೂರಿನ ಜನಸಂಖ್ಯೆ ಎಷ್ಟು ಅಂತ ಯಾರನ್ನಾದರೂ ಕೇಳಿ ನೋಡಿ. ಒಬ್ಬರು ಒಂದೂವರೆ ಕೋಟಿ ಅಂತಾರೆ, ಇನ್ನೊಬ್ಬರು ಎರಡು ಕೋಟಿ ಅಂತಾರೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಹಾಗಾಗಿ ಎಲ್ಲರೂ 2011ರ ಅಂಕಿ ಇಟ್ಟುಕೊಂಡು ಚಕ್ರಬಡ್ಡಿ ಹಾಕುತ್ತಾರೆ. ನನ್ನ ತಕರಾರು ಚಕ್ರಬಡ್ಡಿಯ ಮೇಲಲ್ಲ, ಅದನ್ನು ಹಾಕುವ ರೀತಿಯ ಮೇಲೆ.

ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ ಇದ್ದವರು 65,37,124. 2011ರಲ್ಲಿ 96,21,551. ಹತ್ತು ವರ್ಷಕ್ಕೆ ಶೇ. 47.18 ಏರಿಕೆ. ಬಹಳ ಜನ ಇದನ್ನು ಹತ್ತರಿಂದ ಭಾಗಿಸಿ ವರ್ಷಕ್ಕೆ ಶೇ. 4.72 ಅಂತ ಬರೆದು, ಅದರ ಮೇಲೆ ಚಕ್ರಬಡ್ಡಿ ಬೇರೆ ಹಾಕುತ್ತಾರೆ! ಹಾಗೆ ಮಾಡಿದರೆ 2011ಕ್ಕೇ 1.03 ಕೋಟಿ ದಾಟಬೇಕಿತ್ತು. ಸರಿಯಾದ ದರ ಬೇಕೆಂದರೆ 1.4718ರ ಹತ್ತನೇ ಮೂಲ ತೆಗೆಯಬೇಕು. ಬರುವುದು ಶೇ. 3.94.

ಚಿಲ್ಲರೆ ವ್ಯತ್ಯಾಸ ಅನ್ನಿಸುತ್ತೆ, ಅಲ್ವಾ? ಮುಂದಿನ ಗಣತಿಗೆ 2027ರ ಮಾರ್ಚ್ 1 ಅಂತ 2025ರಲ್ಲಿ ದಿನ ಗೊತ್ತುಮಾಡಿದರು. ಅಲ್ಲಿಗೆ 16 ವರ್ಷ. ಶೇ. 3.94ರಂತೆ 1.79 ಕೋಟಿ, ಶೇ. 4.72ರಂತೆ 2.01 ಕೋಟಿ. ನಡುವೆ 22 ಲಕ್ಷ ಜನ. 2001ರಲ್ಲಿ ಬೊಮ್ಮನಹಳ್ಳಿ ನಗರಸಭೆಯ ಜನಸಂಖ್ಯೆ 2,01,220. ಅಂದರೆ ಬರೀ ಕ್ಯಾಲ್ಕುಲೇಟರಿನಲ್ಲಿ ಹನ್ನೊಂದು ಬೊಮ್ಮನಹಳ್ಳಿ ಹುಟ್ಟಿಕೊಂಡವು :-)

ಸೂತ್ರ ಸರಿಯಿದ್ದರೂ ಉತ್ತರ ಸರಿ ಅನ್ನೋ ಹಾಗಿಲ್ಲ. 1991-2001ರ ಏರಿಕೆ ಶೇ. 35. ಅದೇ ದರ ನಂಬಿ 2011ಕ್ಕೆ ಅಂದಾಜು ಮಾಡಿದ್ದರೆ 88.3 ಲಕ್ಷ ಬರುತ್ತಿತ್ತು, ಸುಮಾರು 8 ಲಕ್ಷ ಕಮ್ಮಿ. ಆ ಹಳೇ ದರದಲ್ಲೇ 2027ಕ್ಕೆ ಲೆಕ್ಕ ಹಾಕಿದರೆ 1.56 ಕೋಟಿ. ಬ್ಯಾಂಕು ಬಡ್ಡಿದರ ಬರೆದು ಕೊಡುತ್ತೆ, ಊರು ಬರೆದು ಕೊಡಲ್ಲ.

ಬೊಮ್ಮನಹಳ್ಳಿಯಂಥ ಜಾಗಕ್ಕಂತೂ ಜಿಲ್ಲೆಯ ದರ ಹಾಕಲೇಬಾರದು. ಇಲ್ಲಿ ಜನ ಹೆಚ್ಚಿದ್ದು ತೊಟ್ಟಿಲಿನಿಂದಲ್ಲ, ಬಸ್ಸು ರೈಲಿನಿಂದ. ಗಾರ್ಮೆಂಟ್ಸಿಗೆ ಬಂದವಳು ತಂಗಿಯನ್ನು ಕರೆಸಿಕೊಂಡಳು, ತಂಗಿ ಓರಗಿತ್ತಿಯನ್ನು. ಇಲ್ಲಿಯವರೆಗೆ ಚಕ್ರಬಡ್ಡಿಯೇ. ಆದರೆ ಸೈಟು ಮುಗಿದು ಬಾಡಿಗೆ ಏರಿದ ಮೇಲೆ ಹೊಸಬರು ಬೇಗೂರು, ಚಂದಾಪುರದ ಕಡೆ ಸರಿಯುತ್ತಾರೆ. 2020ರ ಲಾಕ್‌ಡೌನಿನಲ್ಲಿ ಗಂಟುಮೂಟೆ ಕಟ್ಟಿ ಹೋದವರನ್ನು ಯಾವ ಸೂತ್ರ ಕಳೆಯುತ್ತೆ? ಜೊತೆಗೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಹಳೇ ನಗರಸಭೆಯ ಎರಡು ಲಕ್ಷವನ್ನು ಆಮೇಲಿನ ಬೊಮ್ಮನಹಳ್ಳಿ ವಲಯದ ಅಂಕಿಯ ಪಕ್ಕ ಇಟ್ಟು "ಅಬ್ಬಾ, ಏನು ಬೆಳವಣಿಗೆ!" ಅನ್ನೋದು ಗಡಿ ದೊಡ್ಡದಾಗಿದ್ದನ್ನು ಜನ ಹೆಚ್ಚಿದರು ಅಂತ ಓದಿದ ಹಾಗೆ.

ಇದೆಲ್ಲ ಬರೀ ಲೆಕ್ಕದ ಜಗಳ ಅಲ್ಲ. 2010ರಲ್ಲಿ 198 ವಾರ್ಡುಗಳಿಗೆ ಚುನಾವಣೆ ಆಗಿದ್ದು 2001ರ ಅಂಕಿ ಮೇಲೆ. 2025ರಲ್ಲಿ ಐದು ಪಾಲಿಕೆಗಳಿಗೆ ವಾರ್ಡು ಬಿಡಿಸಿದ್ದು 2011ರದ್ದರ ಮೇಲೆ. ಎಣಿಕೆ ತಡವಾದಷ್ಟೂ ಸೊರಗೋದು ನಡುಭಾಗದ ಬಡಾವಣೆಗಳಲ್ಲ, ಅಂಚಿನವು. ಹಳೇ ಅಂಕಿಯಲ್ಲಿ ಇಲ್ಲದ ಬೀದಿಗೆ ನೀರು, ಅಂಗನವಾಡಿ ಕೇಳೋದು ಹೇಗೆ?

ಅಂದಾಜು ಕೊಡುವವರು ಯಾವ ದಶಕದ ದರ ಹಾಕಿದ್ದು ಅಂತ ಹೇಳಲಿ. 1.56ರಿಂದ 1.79 ಕೋಟಿ ಅಂತ ಎರಡೂ ತುದಿ ಬರೆಯಲಿ. ಇನ್ನು ನಮ್ಮ ಪಿಜಿ, ವಠಾರಗಳಲ್ಲಿ "ವೋಟು ಊರಲ್ಲಿದೆ, ಇಲ್ಲಿ ಯಾಕೆ ಹೆಸರು ಬರೆಸಬೇಕು" ಅನ್ನೋರು ಬೇಕಾದಷ್ಟು ಜನ ಇದ್ದಾರೆ. ಗಣತಿಗೂ ವೋಟರ್ ಲಿಸ್ಟಿಗೂ ಸಂಬಂಧ ಇಲ್ಲ, ವಾಸ ಇರೋ ಕಡೆ ಬರೆಸಬೇಕು ಅಂತ ಅವರಿಗೆ ಈಗಿಂದಲೇ ಹೇಳಿಡಿ.