ಜಾಥಾ ತೋಟದ ಕಡೆ ತಿರುಗಲಿ

ವಿಶ್ವ ಏಡ್ಸ್ ದಿನ ಡಿಸೆಂಬರ್ 1. ಕೊಡಗಿನಲ್ಲಿ ಅದು ಕಾಫಿ ಕೊಯ್ಲಿನ ಕಾಲ. ಅರೇಬಿಕಾ ಕೆಲಸ ಭರದಲ್ಲಿರುತ್ತದೆ, ರೋಬಸ್ಟಾ ಸರದಿ ಹತ್ತಿರ ಬಂದಿರುತ್ತದೆ. ಹೊರ ಜಿಲ್ಲೆಗಳಿಂದ, ದೂರದ ಅಸ್ಸಾಮಿನಿಂದಲೂ ಕೆಲಸಕ್ಕೆ ಬಂದವರಿಂದ ತೋಟದ ಕೂಲಿಯವರು ಇರುವ ಲೈನ್ ಮನೆಗಳು ತುಂಬಿರುತ್ತವೆ. ಆ ದಿನದ ಅರಿವಿನ ಜಾಥಾ ಮಾತ್ರ ಹೊರಡುವುದು ಪಟ್ಟಣದ ರಸ್ತೆಯಲ್ಲಿ. ನಡೆಯುವವರು ವಿದ್ಯಾರ್ಥಿಗಳು, ನೋಡುವವರು ಅಂಗಡಿಯವರು. ವಿದ್ಯಾರ್ಥಿಗಳಿಗೂ ಅರಿವು ಬೇಕು, ನಿಜ. ಆದರೆ ಪರೀಕ್ಷೆ ಮತ್ತು ಔಷಧಿ ಯಾರಿಗೆ ಅತಿ ದೂರವೋ ಅವರು ಆ ಹೊತ್ತಿನಲ್ಲಿ ತೋಟದೊಳಗೆ ಹಣ್ಣು ಕುಯ್ಯುತ್ತಿರುತ್ತಾರೆ. ಎಚ್‌ಐವಿ ಕೂಲಿಯವರ ಕಾಯಿಲೆಯಲ್ಲ, ಯಾರಿಗಾದರೂ ಬರಬಹುದು. ಆಸ್ಪತ್ರೆ ಎಲ್ಲರಿಗೂ ಒಂದೇ ದೂರದಲ್ಲಿಲ್ಲ ಎಂಬುದಷ್ಟೇ ಇಲ್ಲಿನ ಮಾತು.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆಯನ್ನು ಸರ್ಕಾರ ಉಚಿತವಾಗಿ ಆರಂಭಿಸಿದ್ದು 2004ರ ಏಪ್ರಿಲ್‌ನಲ್ಲಿ. ನಡುವಿನ ವರ್ಷಗಳಲ್ಲಿ ಬಡವರು ಔಷಧಿಯ ಮುಖ ಕಾಣದೆ ಸತ್ತರು. ಆ ಸಾವನ್ನು ಮನೆಯವರು ಕ್ಷಯ ಎಂದರು, ಕಾಮಾಲೆ ಎಂದರು, ಜ್ವರ ಬಂದು ಹೋದ ಎಂದರು. ಗತಿಸಿದ ಹಿರಿಯರಿಗೆ ಕೈಮಡವೆಂಬ ಗುಡಿ ಕಟ್ಟಿ, ಕಾರಣಂಗ್ ಕೊಡ್ಪ ನಡೆಸಿ ಎಡೆಯಿಡುವ ನಾಡಿನಲ್ಲೂ ಇವರನ್ನು ಬಾಯಿಬಿಟ್ಟು ನೆನೆಯುವಂತಿರಲಿಲ್ಲ. ಇಂದಿನ ಸ್ಥಿತಿ ಬೇರೆ. 2017ರಿಂದ ಸೋಂಕು ಪತ್ತೆಯಾದ ಪ್ರತಿಯೊಬ್ಬರಿಗೂ, ರಕ್ತದಲ್ಲಿ ಸಿಡಿ4 ಕಣಗಳ ಎಣಿಕೆ ಎಷ್ಟೇ ಇರಲಿ, ಚಿಕಿತ್ಸೆ ಉಂಟು. ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ, ಲೈಂಗಿಕ ಸಂಪರ್ಕದಿಂದ ಸೋಂಕು ಇನ್ನೊಬ್ಬರಿಗೆ ದಾಟುವುದಿಲ್ಲ. ಗರ್ಭಿಣಿಗೆ ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಮಗುವಿಗೆ ತಗಲುವ ಸಾಧ್ಯತೆಯನ್ನು ಶೇ 5ಕ್ಕಿಂತ ಕೆಳಗಿಳಿಸಬಹುದು. ಅಂದು ಔಷಧಿಯಿಲ್ಲದೆ ಸತ್ತರು. ಇಂದು ಸಾಯುವವರಲ್ಲಿ ಅನೇಕರು ಸೋಂಕು ತಡವಾಗಿ ಗೊತ್ತಾದವರು ಅಥವಾ ಮಾತ್ರೆ ನಡುವೆ ನಿಲ್ಲಿಸಿದವರು.

ಈ ತಡಕ್ಕೆ ಕೊಡಗಿನದೇ ಕಾರಣಗಳಿವೆ. ಕುಟ್ಟದ ಕಡೆಯ ತೋಟದಿಂದ ಮಡಿಕೇರಿಯ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಹಗಲು ಮುಗಿಯುತ್ತದೆ. ಕೊಯ್ಲಿನ ಕೂಲಿ ಹೆಚ್ಚಾಗಿ ಸಿಗುವುದು ಕುಯ್ದ ಹಣ್ಣಿನ ತೂಕಕ್ಕೆ. ಹೋದ ದಿನದ ಕೂಲಿ ಹೋದಂತೆಯೇ. ರಜೆ ಏಕೆಂದು ಮೇಸ್ತ್ರಿಗೆ ಹೇಳಬೇಕು, ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಬೇಕು. ಜಿಲ್ಲೆ ಚಿಕ್ಕದು. ಆಸ್ಪತ್ರೆಯ ಬೆಂಚಿನ ಮೇಲೆ ಕೂತವರನ್ನು ಗುರುತು ಹಿಡಿಯುವವರು ಒಬ್ಬರಾದರೂ ಇರುತ್ತಾರೆ. ಕೊಯ್ಲು ಮುಗಿದು ಬೇರೆ ಊರಿಗೆ ಹೊರಟರೆ ಮಾತ್ರೆಯ ಸರಣಿ ಅಲ್ಲಿಗೇ ಕಡಿದುಹೋಗುವ ಅಪಾಯವಿದೆ. ಹಾಗೆಂದು ಕಾನೂನಿನಲ್ಲಿ ಕೊರತೆಯಿಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ. ನೂರು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ದೂರು ಕೇಳಲು ಅಧಿಕಾರಿ ಇರಬೇಕು. ಇದಿಷ್ಟನ್ನೂ ಲೈನ್ ಮನೆಯವರಿಗೆ ಯಾರಾದರೂ ಹೇಳಿದ್ದಾರೆಯೇ?

ಆದ್ದರಿಂದ ಜಾಥಾ ತೋಟದ ಕಡೆ ತಿರುಗಲಿ. ಸಂಜೆ ಹಣ್ಣು ತೂಕಕ್ಕೆ ಹಾಕಿ ಜನ ಒಂದೆಡೆ ಸೇರುವ ಹೊತ್ತಿಗೆ ಆರೋಗ್ಯ ಇಲಾಖೆಯ ತಂಡ ಅಲ್ಲಿರಲಿ. ಗೋಣಿಕೊಪ್ಪ, ಸಿದ್ದಾಪುರದ ಸಂತೆಗಳಲ್ಲೂ ಇರಲಿ. ಬರೀ ಎಚ್‌ಐವಿ ಶಿಬಿರವೆಂದು ಫಲಕ ಹಾಕುವುದು ಬೇಡ. ಬಿಪಿ, ಸಕ್ಕರೆ, ಕ್ಷಯದ ತಪಾಸಣೆಯೊಂದಿಗೆ ಇದೂ ಒಂದಾಗಿರಲಿ. ಆಗ ಸಾಲಿನಲ್ಲಿ ನಿಂತವರತ್ತ ಯಾರೂ ಬೆರಳು ತೋರಿಸಲಾರರು. ಇಲ್ಲಿನ ಎರವ ಬುಡಕಟ್ಟಿನವರಿಗೆ, ಅಸ್ಸಾಮಿನವರಿಗೆ ಅವರವರ ಮಾತಿನಲ್ಲೇ ತಿಳಿಹೇಳುವವರಿರಲಿ. ಬೇಡವೆಂದವರನ್ನು ಬಲವಂತ ಮಾಡಬಾರದು. ಫಲಿತಾಂಶ ಪರೀಕ್ಷೆ ಮಾಡಿಸಿಕೊಂಡವರ ಕಿವಿಗಷ್ಟೇ ಬೀಳಬೇಕು, ಮಾಲೀಕರಿಗಲ್ಲ. ಊರು ಬಿಡುವವರ ಕೈಗೆ ಮುಂದಿನ ಊರಿನ ಎಆರ್‌ಟಿ ಕೇಂದ್ರಕ್ಕೆ ವರ್ಗಾವಣೆ ಪತ್ರ ಮತ್ತು ದಾರಿಗೆ ಸಾಕಾಗುವಷ್ಟು ಮಾತ್ರೆ ಸಿಗಲಿ. ಶಿಬಿರಕ್ಕಾಗಿ ಕೆಲಸ ಬಿಟ್ಟವರ ಕೂಲಿಯನ್ನು ಮಾಲೀಕರು ತುಂಬಿಕೊಡಲಿ. ಬೆಳೆಗಾರರ ಸಂಘಗಳು ಮನಸ್ಸು ಮಾಡಿದರೆ ಒಂದೇ ಸಭೆಯಲ್ಲಿ ತೀರ್ಮಾನವಾಗುವ ವಿಷಯವಿದು. ಏಡ್ಸ್‌ನಿಂದ ಸತ್ತವರಿಗಾಗಿ ಮೇಣದ ಬತ್ತಿ ಹಚ್ಚುವುದು ತಪ್ಪಲ್ಲ. ಆದರೆ ಅವರಿಗೆ ಸಿಗದ ಮಾತ್ರೆ ಇಂದು ಸರ್ಕಾರದ ಬಳಿ ಇದೆ. ಅದನ್ನು ಲೈನ್ ಮನೆಯ ಬಾಗಿಲಿಗೆ ಮುಟ್ಟಿಸುವುದು ಈ ಕೊಯ್ಲಿನಲ್ಲೇ ಆಗಬೇಕಾದ ಕೆಲಸ.